ತಿಕ್ಕಬೇಡಿ: ಅಜ್ಜನ ರಿವಾಲ್ವರಿಗೆ ಬೆಲೆ ಕಟ್ಟುವ ಮುಂಚೆ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತು. ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲ ಮನೆಗಳಲ್ಲಿ, ಕೋವಿಗಳು ಹೊರಗೆ ಬರುವ ಹೊತ್ತು. ಅದಕ್ಕೇ ಹಬ್ಬಕ್ಕೆ ಮುಂಚೆಯೇ ಈ ಮಾತು ಆಡಬೇಕು ಅಂತ ಸಂಘದವರನ್ನು ಒತ್ತಾಯ ಮಾಡಿದೆ. ಗಂಧ ಹಚ್ಚಿ, ತೋಕ್ ಪೂ (ಕೋವಿ ಹೂ) ಮುಡಿಸಿ, ದೀಪವಿರುವ ನೆಲ್ಲಕ್ಕಿ ಬಾಡೆಯಲ್ಲಿಟ್ಟು ಕೈಮುಗಿಯಿರಿ. ಆದರೆ ಅಜ್ಜನ ರಿವಾಲ್ವರನ್ನು ಬ್ರಾಸೋ ಪಾಲಿಷ್ ಹಾಕಿ ತಿಕ್ಕಬೇಡಿ. ಸ್ಯಾಂಡ್ ಪೇಪರ್ ಅಂತೂ ಹತ್ತಿರ ತರಲೇಬೇಡಿ.

ನಮ್ಮ ಕಡೆ ಸಿಗುವ ಹಳೇ ರಿವಾಲ್ವರುಗಳಲ್ಲಿ ಹೆಸರು ಮಾಡಿದ್ದು ಬರ್ಮಿಂಗ್‌ಹ್ಯಾಮಿನ ವೆಬ್ಲಿ. ಕೆಲವು ಪಲ್ಟಣದಿಂದ ಬಂದವು, ಕೆಲವು ಎಸ್ಟೇಟ್ ಮಾರಿ ಊರಿಗೆ ಹೋದ ಬಿಳಿ ದೊರೆಗಳು ಬಿಟ್ಟವು. ಕೈಗೆ ತಗೊಂಡ ಕೂಡಲೇ ಮೊದಲು ಒಳಗೆ ತೋಟಾ ಇದೆಯಾ ನೋಡಿ. ಎಡಗಡೆ ಹೆಬ್ಬೆರಳಿಗೆ ಸಿಗುವ ಲಿವರ್ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ತಿರುಗುವ ಸಿಲಿಂಡರಿನ ಆರೂ ತೋಟಾ ಮನೆ ಖಾಲಿ ಇರಬೇಕು. ಆಮೇಲೆ ಒಂದು ಟಾರ್ಚ್ ಹಿಡಿದು ಗುರುತುಗಳನ್ನು ಓದಿ. ಮೇಲ್ಪಟ್ಟಿಯ ಮೇಲೆ ಯಾವ ಮಾರ್ಕ್, ಅಂದರೆ ಯಾವ ಮಾದರಿ, ಅಂತ ಇರುತ್ತದೆ. ಮಾರ್ಕ್ 6 ಆದರೆ 1915ರಿಂದ ಈಚೆಯದು, ಆರಿಂಚಿನ ನಳಿಗೆ, ಚೌಕಾಕಾರದ ಹಿಡಿ. ಸೈನ್ಯದ್ದಾದರೆ ಸಣ್ಣ ಬಾಣದ ಗುರುತು. ಎರಡು ಬಾಣ ತುದಿಗೆ ತುದಿ ತಾಗಿದ್ದರೆ ಸೈನ್ಯದಿಂದ ಮಾರಾಟವಾಗಿದ್ದು ಅಂತ ಲೆಕ್ಕ. ಸಿಲಿಂಡರಿನ ನಂಬರೂ ಚೌಕಟ್ಟಿನ ನಂಬರೂ ಒಂದೇನಾ ನೋಡಿ.

ಇವೆಲ್ಲ ಕೂದಲೆಳೆಯಷ್ಟು ಆಳದ ಅಚ್ಚುಗಳು. ಒಂದು ಮನೆಯಲ್ಲಿ ಮಾರ್ಕ್ 6 ತೋರಿಸಿದರು. ಪಾಲಿಷ್ ಚಕ್ರಕ್ಕೆ ಕೊಟ್ಟು ಕನ್ನಡಿ ಥರ ಮಾಡಿಸಿದ್ದರು. ಇಸವಿ ಇಲ್ಲ, ಬಾಣ ಇಲ್ಲ, ಪರೀಕ್ಷೆಯ ಮುದ್ರೆಯ ಕಿರೀಟ ಅರ್ಧ ಅಳಿಸಿಹೋಗಿತ್ತು. ಕಾರ್ಖಾನೆಯ ಕಪ್ಪು-ನೀಲಿ ಬಣ್ಣ ಪೂರ್ತಿ ಹೋಗಿತ್ತು. ನನಗೆ ಹೊಟ್ಟೆ ಉರಿಯಿತು. ಸಂಗ್ರಹಕಾರ ದುಡ್ಡು ಕೊಡುವುದು ಆ ಬಣ್ಣಕ್ಕೆ, ಆ ಅಚ್ಚಿಗೆ. ಅಲ್ವಾ?

ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ, ಹೇಳಲೇಬೇಕು. ಫ್ರಾನ್ಸಿನ ಓವರ್ ಊರಿನ ಹೊಲದಲ್ಲಿ 1960ರ ದಶಕದಲ್ಲಿ ರೈತರೊಬ್ಬರಿಗೆ ಒಂದು ರಿವಾಲ್ವರ್ ಸಿಕ್ಕಿತು. ಲೆಫೋಶೋ ಮಾದರಿ, 7 ಮಿಲಿಮೀಟರ್, ಸಾಧಾರಣ ಜಾತಿಯದು. ಪೂರ್ತಿ ತುಕ್ಕು, ಹಿಡಿಯ ಮರ ಮಣ್ಣಾಗಿತ್ತು. 1890ರ ಜುಲೈನಲ್ಲಿ ಚಿತ್ರಕಾರ ವ್ಯಾನ್ ಗೋ ಗುಂಡು ಹಾರಿಸಿಕೊಂಡಿದ್ದು ಆ ಊರಿನಲ್ಲೇ. ಗುಂಡಿನ ಅಳತೆ ಹೊಂದುತ್ತದೆ, ಜಾಗ ಹೊಂದುತ್ತದೆ, ತುಕ್ಕು ನೋಡಿದರೆ ಬಹಳ ವರ್ಷ ಮಣ್ಣಲ್ಲಿ ಇದ್ದದ್ದು ಗೊತ್ತಾಗುತ್ತದೆ. ಅದೇ ಅಂತ ಖಚಿತವಾಗಿ ಯಾರೂ ಹೇಳಿಲ್ಲ, ಇರಬಹುದು ಅಂತ ಅಷ್ಟೇ. ಆದರೂ 2019ರಲ್ಲಿ ಪ್ಯಾರಿಸ್ ಹರಾಜಿನಲ್ಲಿ 1,62,500 ಯೂರೋ ಬಂತು. ಆಗಿನ ಲೆಕ್ಕಕ್ಕೆ ಸುಮಾರು ಒಂದೂಕಾಲು ಕೋಟಿ ರೂಪಾಯಿ! ಯಾರಾದರೂ ಪುಣ್ಯಾತ್ಮರು ಆ ತುಕ್ಕು ತಿಕ್ಕಿ ತೆಗೆದಿದ್ದರೆ ಸಾಕ್ಷಿಯೇ ಹೋಗುತ್ತಿತ್ತು.

ಹಾಗಾಗಿ ಅಜ್ಜನ ಡಿಸ್ಚಾರ್ಜ್ ಪುಸ್ತಕ, ಸಮವಸ್ತ್ರದ ಫೋಟೋ, ಚರ್ಮದ ಚೀಲ, ಖರೀದಿಯ ರಸೀದಿ, ಎಲ್ಲಾ ಒಂದೇ ಕಡೆ ಇಡಿ. ಅಜ್ಜಿ ಹೇಳುವುದನ್ನು ಈಗಲೇ ಬರೆದಿಟ್ಟುಕೊಳ್ಳಿ. ಯಾವ ಪಲ್ಟಣ, ಯಾವ ಇಸವಿ, ಯಾರ ಕೈಯಿಂದ ಬಂತು. ನಾಳೆ ಅದಕ್ಕೆ ಬೆಲೆ ಕಟ್ಟುವವರು ಕೇಳುವುದೇ ಇದು.

ಇನ್ನು ಹತ್ತು ನಿಮಿಷ ಅಂತ ಚೀಟಿ ಬಂತು. ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮ್ಮ ಕೊಡವರಿಗಿರುವ ವಿನಾಯ್ತಿ 2029ರವರೆಗೆ ಇದೆ, ನಿಮಗೆ ಗೊತ್ತು. ಆದರೆ ಕೊಳ್ಳುವವರಿಗೆ ಅದು ಇರಬೇಕಲ್ಲ! ಮಾರ್ಕ್ 6ರ .455 ತೋಟಾ ನಿಷೇಧಿತ ಬೋರಿನ (ನಳಿಗೆಯ ಒಳ ಅಳತೆಯ) ಪಟ್ಟಿಯಲ್ಲಿದೆ, ಸಾಮಾನ್ಯ ಲೈಸೆನ್ಸಿನವರು ಕೊಳ್ಳುವಂತಿಲ್ಲ. ಅದೇ .32 ವೆಬ್ಲಿ ಆದರೆ ಗಿರಾಕಿ ಜಾಸ್ತಿ. 1980ರ ದಶಕದಿಂದ ವಿದೇಶಿ ಕೋವಿ ಬರುವುದು ಹೆಚ್ಚುಕಡಿಮೆ ನಿಂತಿರುವುದರಿಂದ ಚೆನ್ನಾಗಿರುವ ಒಂದಕ್ಕೆ ಲಕ್ಷಗಳಲ್ಲೇ ಮಾತು. ಅಮೆರಿಕದ ಹರಾಜಿನ ಬೆಲೆ ನೋಡಿ ಸುಮ್ನೆ ಆಸೆ ಪಡಬೇಡಿ. ನೂರು ವರ್ಷ ದಾಟಿದ, ಚರಿತ್ರೆಯ ಮಹತ್ವ ಇರುವ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನಮಗೆ ಲೆಕ್ಕಕ್ಕೆ ಬರುವುದು ಲೈಸೆನ್ಸ್ ಇರುವ ಡೀಲರ್ ಕೊಡುವ ಬೆಲೆ. ಇಬ್ಬರು ಮೂವರನ್ನು ಕೇಳಿ. ಅಜ್ಜ ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಕಾಗದ ಮಾಡಿಸದೆ ಮಾರುವ ಮಾತಿಗೂ ಹೋಗಬೇಡಿ.

ಸ್ಪ್ರಿಂಗ್, ಸಿಲಿಂಡರ್ ಅಲ್ಲಾಡುವುದು, ಇವನ್ನು ಹೇಳಲು ಹೊತ್ತಿಲ್ಲ, ಗನ್‌ಸ್ಮಿತ್ ನೋಡಿ ಹೇಳುತ್ತಾರೆ. ಪೆಟ್ಟಿಗೆಯಲ್ಲಿ ಹಳೇ ತೋಟಾ ಇದ್ದರೆ ಹಾರಿಸಿ ನೋಡಬೇಡಿ, ಡೀಲರ್ ಕೈಗೆ ಕೊಡಿ. ತುಕ್ಕು ಹೆಚ್ಚಾಗದಿರಲು ಮೆತ್ತನೆ ಬಟ್ಟೆಯಲ್ಲಿ ಒಂದೆರಡು ಹನಿ ಕೋವಿ ಎಣ್ಣೆ ಸವರಿದರೆ ಸಾಕು. ಪ್ರಶ್ನೆ ಇರುವವರು ಊಟಕ್ಕೆ ಮುಂಚೆ ಆ ಕಿಟಕಿ ಹತ್ತಿರ ಬನ್ನಿ, ಗುರುತುಗಳ ಫೋಟೋ ಮೊಬೈಲಿನಲ್ಲಿದ್ದರೆ ಈಗಲೇ ನೋಡೋಣ.