ಗದ್ದ ಎದೆಗೆ ತಾಗದಿರಲಿ

ಕೇಳುಗರಿಗೆ ನಮಸ್ಕಾರ.

ಆಗತಾನೆ ಹುಟ್ಟಿದ ಕೂಸಿನ ಉದ್ದದಲ್ಲಿ ಸುಮಾರು ಕಾಲು ಪಾಲು ತಲೆಯೇ. ಆ ಭಾರ ಹೊರಲು ಕತ್ತು ಇನ್ನೂ ನಿಂತಿರುವುದಿಲ್ಲ. ತಲೆ ವಾಲಿ ಗದ್ದ ಎದೆಗೆ ತಾಗಿದರೆ ಎಳೆಯ ಉಸಿರುನಾಳ ಮಡಚಿಕೊಳ್ಳುತ್ತದೆ. ಎಷ್ಟೋ ಸಲ ಕೂಸು ಅಳುವುದೂ ಇಲ್ಲ, ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ.

ಒಂದು ವರ್ಷ ತುಂಬುವವರೆಗೆ, ಹಗಲಾಗಲಿ ರಾತ್ರಿಯಾಗಲಿ, ಅಂಗಾತ ಮಲಗಿಸಿ. ‘ಕಕ್ಕಿದರೆ ಹಾಲು ನೆತ್ತಿಗೇರುವುದಿಲ್ಲವೇ?’ ಎಂದು ಅಜ್ಜಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅಂಗಾತ ಮಲಗಿದಾಗ ಉಸಿರುನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಹಾಲು ಮೇಲಕ್ಕೇರಿ ಉಸಿರುನಾಳಕ್ಕೆ ಇಳಿಯುವುದು ಕಷ್ಟ. ಬೋರಲಾದರೆ ಇದೇ ತಲೆಕೆಳಗು. ಬೋರಲು ಆಟ ಬೇಕು, ಕೂಸು ಎಚ್ಚರವಿದ್ದು ನೀವು ಎದುರಿಗಿದ್ದಾಗ.

ಹಾಸಿಗೆ ಮಟ್ಟಸವಾಗಿ ಗಟ್ಟಿಯಾಗಿರಲಿ: ಅಂಗೈ ಒತ್ತಿ ತೆಗೆದರೆ ಗುಳಿ ಉಳಿಯಬಾರದು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು ಬೇಡ, ಕೌದಿಯ ಮಡಿಕೆ ಬೇಡ. ಕೊರಳ ದಾರ ಬಿಚ್ಚಿಡಿ. ಸೀರೆಯ ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗದ್ದ ತಾನಾಗಿ ಎದೆಗೆ ಇಳಿಯುತ್ತದೆ. ತೂಗಿ ಸಮಾಧಾನ ಮಾಡಿ, ಕಣ್ಣು ಮುಚ್ಚಿದೊಡನೆ ಹಾಸಿಗೆಗೆ ಎತ್ತಿ ಮಲಗಿಸಿ. ನಿಮ್ಮ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ.

ಇನ್ನು ಕಾರು. ಮಡಿಲೇ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಢಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ, 5 ಕಿಲೋ ಕೂಸನ್ನು ಹಿಡಿದಿಡಲು ಸುಮಾರು 70 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಕೈಗೂ ಅದು ಆಗದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ.

ಮಕ್ಕಳ ಸೀಟು ಹಿಂದಿನ ಆಸನದಲ್ಲಿರಲಿ, ಕೂಸಿನ ಮುಖ ಕಾರಿನ ಹಿಂಭಾಗಕ್ಕಿರಲಿ. ಎದುರಿನಿಂದ ಪೆಟ್ಟು ಬಿದ್ದಾಗ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನೇ ಒಟ್ಟಿಗೆ ತಾಳಿಕೊಳ್ಳುತ್ತದೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಇಂಥ ಸೀಟನ್ನು ಎಂದಿಗೂ ಇಡಬೇಡಿ. ಬಿಚ್ಚಿಕೊಳ್ಳುವ ಚೀಲ ನೇರ ಸೀಟಿನ ಬೆನ್ನಿಗೇ ಬಡಿಯುತ್ತದೆ. ಕಾರಿನ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಕೂಸನ್ನು ಸೀಟಿಗೆ ಬಿಗಿಯುವ ಪಟ್ಟಿ ಹೆಗಲ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಹೊರಡಬೇಕು. ಹೆಗಲ ಬಳಿ ಎರಡು ಬೆರಳಲ್ಲಿ ಚಿವುಟಿ ನೋಡಿ. ಪಟ್ಟಿಯ ಮಡಿಕೆ ಕೈಗೆ ಸಿಕ್ಕರೆ ಸಡಿಲವಾಗಿದೆ ಎಂದರ್ಥ. ದಪ್ಪ ಸ್ವೆಟರ್ ಮೇಲೆ ಬಿಗಿದ ಪಟ್ಟಿ ಢಿಕ್ಕಿಯಲ್ಲಿ ಸಡಿಲವಾಗುತ್ತದೆ. ಸ್ವೆಟರ್ ತೆಗೆದು ಪಟ್ಟಿ ಬಿಗಿಯಿರಿ, ಶಾಲು ಮೇಲೆ ಹೊದಿಸಿ.

ದಾರಿಯಲ್ಲಿ ನಿದ್ದೆ ಹೋದರೆ ಹೋಗಲಿ, ಗದ್ದದ ಮೇಲೆ ಒಬ್ಬರ ಕಣ್ಣಿರಲಿ. ಊರು ಮುಟ್ಟಿದ ಮೇಲೆ ಎಬ್ಬಿಸಬಾರದೆಂದು ಪಟ್ಟಿ ಸಡಿಲಿಸಿ, ಸೀಟಿನ ಸಮೇತ ಒಳಗೆ ಒಯ್ದು ಜಗಲಿಯಲ್ಲಿಡುತ್ತಾರಲ್ಲ, ಅಪಾಯ ಅಲ್ಲಿದೆ. ಕೂಸು ಅತ್ತರೂ ಚಿಂತೆಯಿಲ್ಲ, ಸೀಟಿನಿಂದ ಎತ್ತಿ ಅಂಗಾತ ಮಲಗಿಸಿ.