ಹಲ್ಲಿಗೆ ಕ್ಲಿಪ್ ಹಾಕಿಸಿದರೆ ದವಡೆ ಕೀಲಿನ ನೋವು ಹೋಗುತ್ತದೆಯೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡೂ ಕೈಗಳ ತೋರುಬೆರಳನ್ನು ಕಿವಿಯ ಮುಂದೆ, ಕಿವಿಗೆ ತಾಗಿದಂತೆ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಗುಂಡಗಿನ ಎಲುಬೊಂದು ಮುಂದಕ್ಕೆ ಜಾರಿ ಮತ್ತೆ ಹಿಂದಕ್ಕೆ ಬರುವುದು ಗೊತ್ತಾಗುತ್ತದೆ. ಅದೇ ದವಡೆ ಕೀಲು. ಇದು ಬಾಗಿಲ ತಿರುಗಣಿಯ ಹಾಗೆ ಇದ್ದಲ್ಲೇ ತಿರುಗುವ ಕೀಲಲ್ಲ. ಬಾಯಿ ಮೊದಲ 20–25 ಮಿಲಿಮೀಟರ್ ತೆರೆಯುವವರೆಗೆ ಹೆಚ್ಚಾಗಿ ತಿರುಗುತ್ತದೆ, ಆಮೇಲೆ ತಲೆಬುರುಡೆಯಲ್ಲಿನ ತನ್ನ ಗುಳಿಯಿಂದ ಹೊರಟು ಮುಂದಕ್ಕೆ ಜಾರುತ್ತದೆ. ಆ ಗುಂಡು ಎಲುಬಿಗೂ ಗುಳಿಗೂ ನಡುವೆ ತೆಳುವಾದ, ಗಟ್ಟಿ ನಾರಿನ ಬಿಲ್ಲೆಯೊಂದಿದೆ. ಆ ಬಿಲ್ಲೆ ಸ್ವಲ್ಪ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ಗುಂಡು ಅದರ ಮೇಲೆ ಹತ್ತಿಕೊಳ್ಳುತ್ತದೆ. ನಿಮಗೆ ಕೇಳಿಸುವ ‘ಟಕ್’ ಸದ್ದು ಅದರದ್ದೇ.

ಈ ಕೀಲಿನಲ್ಲಿ ನೋವು ಬಂದವರಿಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ನಿಮ್ಮ ಬೈಟ್, ಅಂದರೆ ಮೇಲಿನ-ಕೆಳಗಿನ ಹಲ್ಲುಗಳು ಕೂಡುವ ರೀತಿ, ಸರಿಯಿಲ್ಲ, ಕ್ಲಿಪ್ ಹಾಕಿಸಿ, ನೋವು ತಾನಾಗಿ ಹೋಗುತ್ತದೆ. ಒಂದೂವರೆ ಎರಡು ವರ್ಷದ ಚಿಕಿತ್ಸೆಗೆ ಕೈಹಾಕುವ ಮುಂಚೆ ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಬೇಕು. ನೇರವಾಗಿ ಹೇಳುವುದಾದರೆ, ಕೀಲು ನೋವು ಒಂದೇ ಕಾರಣಕ್ಕೆ ಕ್ಲಿಪ್ ಹಾಕಿಸಿಕೊಳ್ಳುವುದು ಸರಿಯಲ್ಲ.

ಬೈಟ್‌ಗೂ ಕೀಲಿಗೂ ಗಂಟು ಹಾಕಿದ ಕಥೆ ಹಳೆಯದು. ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟನ್ ದಂತವೈದ್ಯರೂ ಅಲ್ಲ, ಕಿವಿ-ಮೂಗು-ಗಂಟಲಿನ ವೈದ್ಯರು. ಹಿಂದಿನ ಹಲ್ಲುಗಳು ಬಿದ್ದುಹೋದರೆ ದವಡೆ ಅತಿಯಾಗಿ ಮುಚ್ಚಿಕೊಂಡು ಕಿವಿಯ ಬಳಿಯ ನರಗಳನ್ನು ಒತ್ತುತ್ತದೆ ಎಂದು 1934ರಲ್ಲಿ ಬರೆದರು. ಹಾಗೆ ಒತ್ತುವುದಿಲ್ಲ ಎಂದು ಅಂಗರಚನಾ ತಜ್ಞರು ಆಮೇಲೆ ತೋರಿಸಿದರೂ, ‘ಹಲ್ಲು ಸರಿಮಾಡಿದರೆ ಕೀಲು ಸರಿಹೋಗುತ್ತದೆ’ ಎನ್ನುವ ನಂಬಿಕೆ ಉಳಿದುಬಿಟ್ಟಿತು. 1987ರಲ್ಲಿ ಇದೇ ನಂಬಿಕೆ ತಿರುಗುಬಾಣವಾಯಿತು. ಹಲ್ಲು ಕಿತ್ತು ಕ್ಲಿಪ್ ಹಾಕಿದ್ದರಿಂದಲೇ ಕೀಲು ಕೆಟ್ಟಿತು ಎಂಬ ದೂರಿನ ಮೇಲೆ ಮಿಶಿಗನ್‌ನಲ್ಲಿ ತೀರ್ಪುಗಾರರು ವೈದ್ಯರ ವಿರುದ್ಧ ಲಕ್ಷಗಟ್ಟಲೆ ಡಾಲರ್ ಪರಿಹಾರ ವಿಧಿಸಿದರು. ಬೆಚ್ಚಿಬಿದ್ದ ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ, ಅಂದರೆ ಕ್ಲಿಪ್ ಹಾಕುವ ದಂತವೈದ್ಯರ ಸಂಘ ಸಂಶೋಧನೆಗೆ ಹಣ ಹಾಕಿತು, 1992ರ ಹೊತ್ತಿಗೆ ಫಲಿತಾಂಶಗಳು ಬಂದವು. ಕ್ಲಿಪ್ ಚಿಕಿತ್ಸೆ ಕೀಲು ನೋವನ್ನು ತರುವುದೂ ಇಲ್ಲ, ಬರದಂತೆ ತಡೆಯುವುದೂ ಇಲ್ಲ ಎಂಬುದೇ ಅವುಗಳ ಸಾರ. ಕ್ಲಿಪ್‌ನಿಂದ ಕೀಲು ನೋವು ವಾಸಿಯಾಗುತ್ತದೆ ಎನ್ನುವುದಕ್ಕೆ ನಂಬಬಹುದಾದ ಪ್ರಯೋಗಗಳಿವೆಯೇ ಎಂದು 2010ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಹುಡುಕಿತು. ಅದರ ಅಳತೆಗೆ ನಿಲ್ಲುವ ಒಂದು ಪ್ರಯೋಗವೂ ಸಿಗಲಿಲ್ಲ.

ಹಾಗಾದರೆ ಕ್ಲಿಪ್ ಹಾಕಿಸಿಕೊಂಡ ಮೇಲೆ ನೋವು ಹೋಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಈ ನೋವು ಏರುತ್ತದೆ, ಇಳಿಯುತ್ತದೆ. ಜನ ವೈದ್ಯರಲ್ಲಿಗೆ ಹೋಗುವುದು ನೋವು ನೆತ್ತಿಗೇರಿದಾಗ. ಅಲ್ಲಿಂದ ಮುಂದೆ ಏನು ಮಾಡಿದರೂ ಹಲವರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಇನ್ನೊಂದು ಕಾರಣವನ್ನೂ ಊಹಿಸಬಹುದು. ತಂತಿ ಬಿಗಿದ ದಿನಗಳಲ್ಲಿ ಹಲ್ಲುಗಳೇ ನೋಯುವುದರಿಂದ ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸ ತಾನಾಗಿ ಸಡಿಲವಾಗುತ್ತದೆ. ವಿಶ್ರಾಂತಿ ಸಿಕ್ಕಿದ್ದು ಸ್ನಾಯುಗಳಿಗೆ, ಹೆಸರು ಬಂದದ್ದು ತಂತಿಗೆ.

ಸ್ನಾಯು ಎಂದೆನಲ್ಲ, ವಿಷಯ ಬಹುಪಾಲು ಇರುವುದೇ ಅಲ್ಲಿ. ಊಟ, ನುಂಗುವುದು ಎಲ್ಲ ಸೇರಿಸಿದರೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವುದು ದಿನಕ್ಕೆ ಸುಮಾರು 20 ನಿಮಿಷ ಮಾತ್ರ. ಉಳಿದ ಹೊತ್ತು ಅವುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು. ಕಂಪ್ಯೂಟರ್ ಮುಂದೆ, ಟ್ರಾಫಿಕ್‌ನಲ್ಲಿ, ನಿದ್ದೆಯಲ್ಲಿ ಗಂಟೆಗಟ್ಟಲೆ ಹಲ್ಲು ಕಚ್ಚಿ ಹಿಡಿಯುವವರ ಹಲ್ಲು ಮುತ್ತು ಪೋಣಿಸಿದಂತೆ ನೇರವಾಗಿದ್ದರೂ ಕೆನ್ನೆ, ಕಣತಲೆ ನೋಯುತ್ತವೆ.

ಆದ್ದರಿಂದ ಮೊದಲು ನೋವು ಯಾವ ಜಾತಿಯದು ಎಂದು ತಿಳಿಯಬೇಕು. ಸ್ನಾಯುವಿನದ್ದೇ, ಬಿಲ್ಲೆಯದ್ದೇ, ಅಥವಾ ಕೀಲಿನ ಸಂಧಿವಾತವೇ? ಮನೆಯಲ್ಲೇ ಒಂದು ಅಳತೆ ತೆಗೆಯಬಹುದು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ, ಮೂರೂ ಹಿಡಿದರೆ ಬಾಯಿ ಸಾಕಷ್ಟು ತೆರೆಯುತ್ತದೆ ಎಂದರ್ಥ. ಸಾಮಾನ್ಯವಾಗಿ ಬಾಯಿ 40 ಮಿಲಿಮೀಟರ್ ಅಥವಾ ಹೆಚ್ಚು ತೆರೆಯುತ್ತದೆ, 35ಕ್ಕಿಂತ ಕಡಿಮೆಯಾದರೆ ಅಡಚಣೆ ಇದೆ ಎಂದರ್ಥ. ನೋವಿಲ್ಲದೆ ಬರೀ ಟಕ್ ಸದ್ದು ಬಂದರೆ ಚಿಕಿತ್ಸೆಯೇ ಬೇಡ. ಆದರೆ ಎಷ್ಟೋ ದಿನದಿಂದ ಇದ್ದ ಸದ್ದು ಇದ್ದಕ್ಕಿದ್ದಂತೆ ನಿಂತು, ಬಾಯಿ 25–30 ಮಿಲಿಮೀಟರ್‌ಗೇ ತಡೆದು, ಗದ್ದ ನೋಯುವ ಕಡೆಗೆ ವಾಲುತ್ತಿದ್ದರೆ ವಾಸಿಯಾಯಿತು ಎಂದುಕೊಳ್ಳಬೇಡಿ. ಜಾರಿದ ಬಿಲ್ಲೆ ವಾಪಸಾಗದೆ ಅಡ್ಡ ನಿಂತಿದೆ, ದಿನ ಕಳೆಯದೆ ತೋರಿಸಬೇಕು. ನಮ್ಮ ಕಡೆ ಇನ್ನೊಂದನ್ನು ಮರೆಯುವಂತಿಲ್ಲ. ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಖಾರ ತಾಗಿದರೆ ಉರಿಯುತ್ತಿದ್ದರೆ, ಅದು ಕೀಲಿನದ್ದಲ್ಲ, ಕೆನ್ನೆಯ ಒಳಪದರ ನಾರಾಗುವ ರೋಗ, ಕ್ಯಾನ್ಸರ್‌ಗೆ ತಿರುಗಬಲ್ಲದು. ನಡೆದಾಗ, ಮೆಟ್ಟಿಲು ಹತ್ತಿದಾಗ ಮಾತ್ರ ಬರುವ ದವಡೆ ನೋವಿಗೆ ಮೊದಲು ಹೃದಯ ಪರೀಕ್ಷೆ. ಐವತ್ತು ದಾಟಿದವರಿಗೆ ಹೊಸದಾಗಿ ದವಡೆ ನೋವು, ಕಣತಲೆ ನೋವು, ಕಣ್ಣು ಮಂಜು ಒಟ್ಟಿಗೆ ಬಂದರೆ ಅದೇ ದಿನ ಆಸ್ಪತ್ರೆ.

ಇವು ಯಾವುವೂ ಅಲ್ಲ, ಸ್ನಾಯು ಅಥವಾ ಬಿಲ್ಲೆಯ ನೋವೇ ಎಂದಾದರೆ ಮೊದಲ ಆರೆಂಟು ವಾರ ವಾಪಸ್ ತೆಗೆದುಕೊಳ್ಳಬಹುದಾದ ಚಿಕಿತ್ಸೆ ಮಾತ್ರ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ಅಂಗುಳಕ್ಕೆ ತಾಗಿರಲಿ. ಮೊಬೈಲಿನ ಹಿಂದೆ ಒಂದು ಬಿಂದಿ ಅಂಟಿಸಿಕೊಂಡು, ಅದು ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ತಾಗಿದೆಯೇ ಎಂದು ನೋಡಿಕೊಳ್ಳಿ. ಈ ಬಿಂದಿಯ ಮಹಿಮೆ ದುಬಾರಿ ಚಿಕಿತ್ಸೆಗಳಿಗೆ ಸಾಟಿ ಎಂದರೆ ನಗಬೇಡಿ. ಊಟಕ್ಕೆ ಇಡ್ಲಿ, ಉಪ್ಪಿಟ್ಟು, ಮೆತ್ತಗಿನ ಅನ್ನ-ಸಾರು ಸಾಕು. ಮುದ್ದೆ ನುಂಗುವವರಂತೂ ಅದೃಷ್ಟವಂತರು, ಜಗಿಯುವ ಕೆಲಸವೇ ಇಲ್ಲ. ಖಡಕ್ ರೊಟ್ಟಿ, ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ಬೇಡ. ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿ ಕೊಡಿ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ 15–20 ನಿಮಿಷ ಶಾಖ, ದಿನಕ್ಕೆ ಎರಡು ಸಲ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿಕೊಂಡು, ಅದು ಬಿಡದಷ್ಟೇ ಬಾಯಿ ತೆರೆದು ಮುಚ್ಚುವ ವ್ಯಾಯಾಮ ಆರು ಬಾರಿ, ಅದನ್ನೇ ದಿನಕ್ಕೆ ಆರು ಸಲ. ಐಬುಪ್ರೊಫೇನ್‌ನಂತಹ ಮಾತ್ರೆ ವೈದ್ಯರು ಹೇಳಿದಷ್ಟೇ ದಿನ, ಊಟದ ಮೇಲೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು ತಾವಾಗಿ ನುಂಗಬಾರದು.

ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಎಡವಟ್ಟಾಗುವುದು ಇಲ್ಲೇ. ಅದು ಗಟ್ಟಿ ಅಕ್ರಿಲಿಕ್‌ನದ್ದಾಗಿರಬೇಕು, ಸುಮಾರು 2–3 ಮಿಲಿಮೀಟರ್ ದಪ್ಪ, ಒಂದು ದವಡೆಯ ಎಲ್ಲ ಹಲ್ಲುಗಳನ್ನೂ ಮುಚ್ಚಬೇಕು. ಕೊಟ್ಟ ದಿನವೇ ಬಣ್ಣದ ಕಾಗದ ಕಚ್ಚಿಸಿ, ಎರಡೂ ಕಡೆ ಒಂದೇ ಸಮ ತಾಗುವಂತೆ ಗಾರ್ಡನ್ನು ತೇಯಬೇಕು, ಒಂದೆರಡು ವಾರ ಬಿಟ್ಟು ಮತ್ತೆ ನೋಡಬೇಕು. ಬಿಸಿನೀರಿಗೆ ಹಾಕಿ ಕಚ್ಚುವ ಮೆತ್ತನೆಯ ಗಾರ್ಡ್ ಸಿಕ್ಕರೆ ಕೆಲವರು ಇನ್ನೂ ಜೋರಾಗಿ ಜಗಿಯುತ್ತಾರೆ. ಮುಂದಿನ ಹಲ್ಲುಗಳನ್ನು ಮಾತ್ರ ಮುಚ್ಚುವುದನ್ನು ತಿಂಗಳುಗಟ್ಟಲೆ ಹಾಕಿದರೆ, ತಡೆಯಿಲ್ಲದ ಹಿಂದಿನ ಹಲ್ಲುಗಳು ಬೆಳೆದು ಮುಂದಿನ ಹಲ್ಲುಗಳು ಸೇರುವುದೇ ನಿಲ್ಲಬಹುದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಎರಡು ಹಂತದ’ ಚಿಕಿತ್ಸೆಯಲ್ಲಿ. ಮೊದಲ ಹಂತದಲ್ಲಿ ಕೆಳದವಡೆಯನ್ನು ಮುಂದಕ್ಕೆ ತರುವ ಪ್ಲೇಟನ್ನು ಹಗಲೂ ರಾತ್ರಿ ಹಾಕಿಸುತ್ತಾರೆ. ಕೆಲವು ತಿಂಗಳಲ್ಲಿ ನೋವು ತಗ್ಗುತ್ತದೆ, ಆದರೆ ಪ್ಲೇಟ್ ತೆಗೆದರೆ ಹಿಂದಿನ ಹಲ್ಲುಗಳು ತಾಗುವುದಿಲ್ಲ. ಎರಡನೆಯ ಹಂತದಲ್ಲಿ ಆ ಸಂದು ಮುಚ್ಚಲು ಕ್ಲಿಪ್, ಇಲ್ಲವೇ ಸಾಲುಸಾಲು ಕ್ಯಾಪ್. ಇಲ್ಲದ ಬೈಟ್ ತೊಂದರೆಯನ್ನು ತಾವೇ ತಂದು, ಅದನ್ನು ಸರಿಮಾಡಲು ಮತ್ತೆ ಹಣ ಕೊಟ್ಟಂತೆ. ಬೈಟ್ ಹೊಂದಿಸಲು ಹಲ್ಲನ್ನು ತೇಯುವುದೂ ಅಷ್ಟೇ, ತೇಯ್ದುಹೋದ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯೂ ದೀರ್ಘಕಾಲದ ನೋವಿಗೆ ವ್ಯಾಯಾಮ, ಕೈಯಿಂದ ಮಾಡುವ ಫಿಸಿಯೊಥೆರಪಿ, ನಡವಳಿಕೆಯ ಚಿಕಿತ್ಸೆಗಳನ್ನು ಮುಂದಿಟ್ಟು, ಹಿಂದಿರುಗಿಸಲಾಗದ ವಿಧಾನಗಳಿಂದ ದೂರವಿರಿ ಎನ್ನುತ್ತದೆ.

ಹಾಗೆಂದು ಕೀಲು ನೋವಿದ್ದವರು ಕ್ಲಿಪ್ ಹಾಕಿಸಲೇಬಾರದು ಎಂದಲ್ಲ. ಕೆಳಗಿನ ಮುಂದಿನ ಹಲ್ಲು ಅಂಗುಳಕ್ಕೆ ಚುಚ್ಚುತ್ತಿದ್ದರೆ, ಮುಂದಿನ ಹಲ್ಲು ಸೇರದೆ ತುತ್ತು ಕತ್ತರಿಸಲಾಗದಿದ್ದರೆ, ಮಗು ಕಚ್ಚುವಾಗ ದವಡೆಯನ್ನು ಒಂದು ಕಡೆಗೆ ಸರಿಸುತ್ತಿದ್ದರೆ, ಅವು ಕ್ಲಿಪ್‌ಗೆ ತಮ್ಮಷ್ಟಕ್ಕೆ ತಾವೇ ಸಾಕಾದ ಕಾರಣಗಳು. ಆದರೆ ನೋವು ತಣಿದು ಮೂರು ನಾಲ್ಕು ತಿಂಗಳಾದರೂ ಬೈಟ್ ಬದಲಾಗದೆ ನಿಂತ ಮೇಲೆ ಶುರುಮಾಡಬೇಕು. ಹದಿಹರೆಯದ ಅಥವಾ ಇಪ್ಪತ್ತರ ಹುಡುಗಿಯರಲ್ಲಿ ಕೆಲವೊಮ್ಮೆ ಕೀಲಿನ ಗುಂಡೇ ಕರಗುತ್ತಾ, ಮುಂದಿನ ಹಲ್ಲುಗಳ ಸಂದು ತಿಂಗಳಿಂದ ತಿಂಗಳಿಗೆ ಅಗಲವಾಗುತ್ತದೆ. ಅದು ನಿಲ್ಲುವ ಮುಂಚೆ ತಂತಿ ಕಟ್ಟಿದರೆ, ಕುಸಿಯುತ್ತಿರುವ ಪಾಯದ ಮೇಲೆ ಗೋಡೆ ಎತ್ತಿದಂತೆ.

ಶುರುಮಾಡುವ ದಿನ ಬಾಯಿ ಎಷ್ಟು ತೆರೆಯುತ್ತದೆ, ಯಾವ ಕಡೆ ಸದ್ದು, ಎಲ್ಲಿ ಒತ್ತಿದರೆ ನೋವು ಎಂಬುದನ್ನು ಬರೆಸಿಕೊಳ್ಳಿ. ನಡುವೆ ನೋವು ಮರುಕಳಿಸಿದರೆ ತಂತಿ ಬಿಚ್ಚಿಸಲು ಓಡಬೇಕಿಲ್ಲ. ಮೇಲಿಂದ ಕೆಳಕ್ಕೆ ಕಟ್ಟುವ ರಬ್ಬರ್ ಬ್ಯಾಂಡ್‌ಗಳನ್ನು ವೈದ್ಯರಿಗೆ ತಿಳಿಸಿ ಮೊದಲು ನಿಲ್ಲಿಸಿ, ಏಕೆಂದರೆ ದವಡೆಯನ್ನು ಎಳೆಯುವುದು ಅವೇ. ಕುರ್ಚಿಯಲ್ಲಿ ಬಾಯಿ ತೆರೆದು ಕೂರುವಾಗ ಐದು ಹತ್ತು ನಿಮಿಷಕ್ಕೊಮ್ಮೆ ಮುಚ್ಚಲು ಬಿಡುವು ಕೇಳಿ.

ಕ್ಲಿಪ್ ತೆಗೆದ ಮೇಲೆ, ಹಲ್ಲುಗಳನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಬರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು ತೆಳುವಾದ ಪಾರದರ್ಶಕ ಹಾಳೆಯದ್ದನ್ನು ಕೆಲವೇ ತಿಂಗಳಲ್ಲಿ ಸೀಳಿಬಿಡುತ್ತಾರೆ. ಗಾರ್ಡ್ ಕೆಲಸವನ್ನೂ ಮಾಡುವ ಗಟ್ಟಿ ಅಕ್ರಿಲಿಕ್‌ನ ರಿಟೇನರ್ ಕೇಳಿ. ಕ್ಲಿಪ್‌ಗೆ ಮುಂಚೆ ಮಾಡಿಸಿದ್ದ ಹಳೆಯ ಗಾರ್ಡ್ ಡಬ್ಬಿಯಲ್ಲೇ ಇದ್ದರೆ ಒತ್ತಿ ಹಾಕಿಕೊಳ್ಳಲು ಹೋಗಬೇಡಿ. ಹಲ್ಲುಗಳು ಈಗ ಬೇರೆ ಜಾಗದಲ್ಲಿವೆ, ಅದು ಅವನ್ನು ಹಳೆಯ ಜಾಗಕ್ಕೇ ತಳ್ಳುತ್ತದೆ.

ನಮಸ್ಕಾರ.