ನಿಮ್ಮ ಮ್ಯಾಲರ್ಡ್ ಯಾವ ವರ್ಷದ್ದು? ಬ್ರಿಟನ್ನಿನ ಉಗಿಬಂಡಿಗಳು ಮತ್ತು ಮಾಡೆಲ್ ರೈಲಿನ ಹುಚ್ಚು

[ದೃಶ್ಯ: ಮೇಜಿನ ಮೇಲೆ ಮೂರು ಮಾಡೆಲ್ ಇಂಜಿನ್. ಆಕಾರ ಒಂದೇ, ಬಣ್ಣ ಬೇರೆ ಬೇರೆ.]

ನಮಸ್ಕಾರ. ಈ ಮೂರನ್ನೂ ಸ್ವಲ್ಪ ಗಮನಿಸಿ. ಮೂರೂ ಒಂದೇ ಇಂಜಿನ್ನಿನ ಮಾಡೆಲ್. ಹೆಸರು ಮ್ಯಾಲರ್ಡ್. ಮೊದಲನೆಯದು ನೀಲಿ, ನಂಬರ್ 4468. ಎರಡನೆಯದೂ ನೀಲಿಯೇ, ಆದರೆ ಬೇರೆ ನೀಲಿ, ನಂಬರ್ 60022. ಮೂರನೆಯದು ಕಡು ಹಸಿರು, ನಂಬರ್ ಮತ್ತೆ ಅದೇ 60022. ಬ್ರಿಟನ್ನಿನ ಮಾಡೆಲ್ ರೈಲಿನ ಅಂಗಡಿಯಲ್ಲಿ "ಒಂದು ಮ್ಯಾಲರ್ಡ್ ಕೊಡಿ" ಅಂದರೆ ಸಾಲದು. ಯಾವ ವರ್ಷದ್ದು ಅಂತಲೂ ಹೇಳಬೇಕು.

ಹೊರಗಿನವರಿಗೆ ಇದು ಅತಿಯಾಯ್ತು ಅನ್ನಿಸಬಹುದು. ಆದರೆ ಅಲ್ಲಿ ಈ ಹವ್ಯಾಸ ನಡೆಯುವುದೇ ಈ ಪ್ರಶ್ನೆಯ ಮೇಲೆ. ಇಂಜಿನ್ ಕೊಳ್ಳುವುದು ಸುಲಭ. ಒಂದು ಊರು, ಒಂದು ಸ್ಟೇಷನ್, ಒಂದು ವರ್ಷ ಆರಿಸಿಕೊಂಡು ಅದನ್ನೇ ಕಟ್ಟುವುದು ಕಷ್ಟ. ಮಜಾ ಇರುವುದೂ ಅಲ್ಲೇ.

[ದೃಶ್ಯ: ನೀಲಿ ಇಂಜಿನ್ನಿನ ಹತ್ತಿರದ ಶಾಟ್. ಚಕ್ರಗಳ ಮೇಲಿನ ತಗಡಿನ ಹೊದಿಕೆ.]

ಮೊದಲು ಅಸಲಿ ಮ್ಯಾಲರ್ಡ್ ಕಥೆ. 1938ರ ಜುಲೈ 3. ಇಂಗ್ಲೆಂಡಿನ ಗ್ರಾಂಥಮ್ ಹತ್ತಿರ ಸ್ಟೋಕ್ ಬ್ಯಾಂಕ್ ಅನ್ನೋ ಇಳಿಜಾರು. ಡ್ರೈವರ್ ಜೋ ಡಡಿಂಗ್ಟನ್, ಕಲ್ಲಿದ್ದಲು ಎಸೆಯುವ ಫೈರ್‌ಮನ್ ಟಾಮಿ ಬ್ರೇ. ಹಿಂದೆ ಆರು ಬೋಗಿ, ಜೊತೆಗೆ ವೇಗ ಅಳೆಯುವ ಒಂದು ವಿಶೇಷ ಬೋಗಿ. ಆ ಇಳಿಜಾರಿನಲ್ಲಿ ಗಾಡಿ ಗಂಟೆಗೆ 126 ಮೈಲಿ ಮುಟ್ಟಿತು. ಅಂದರೆ 203 ಕಿಲೋಮೀಟರ್. ಉಗಿ ಇಂಜಿನ್ನಿನ ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಸೋಂಪು. ಹೌದು, ಊಟ ಆದಮೇಲೆ ತಿನ್ನುವ ಸೋಂಪಿನಂಥದ್ದೇ. ನೈಜೆಲ್ ಗ್ರೆಸ್ಲಿ ರೂಪಿಸಿದ ಈ ಇಂಜಿನ್ನಿಗೆ ಮೂರು ಸಿಲಿಂಡರ್. ಮಧ್ಯದ್ದು ಒಳಗೆ ಅಡಗಿ ಕೂತಿದೆ. ಅದರ ಬೇರಿಂಗ್ ಕಾದರೆ ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅಲ್ಲೊಂದು ಸೋಂಪಿನ ವಾಸನೆಯ ಡಬ್ಬಿ ಇಟ್ಟಿದ್ದರು. ಬೇರಿಂಗ್ ಜಾಸ್ತಿ ಬಿಸಿಯಾದರೆ ಅದು ಒಡೆದು ಘಮ್ ಅನ್ನಬೇಕು. ಅವತ್ತು ವಾಸನೆ ಬಂದೇಬಿಟ್ಟಿತು. ದಾಖಲೆ ಮಾಡಿದ ಇಂಜಿನ್ನನ್ನು ಪೀಟರ್‌ಬರೋದಲ್ಲಿ ಬಿಚ್ಚಿ, ಬೇರೆ ಹಳೇ ಇಂಜಿನ್ ಕಟ್ಟಿ ಗಾಡಿಯನ್ನು ಲಂಡನ್ನಿಗೆ ಕಳಿಸಿದರು!

ಈಗ ವರ್ಷ ಹಿಡಿಯುವುದು ಹೇಗೆ ಅಂತ ನೋಡೋಣ. ಚಕ್ರಗಳ ಮೇಲೆ ಲಂಗದ ಹಾಗೆ ತಗಡು ಇಳಿಬಿದ್ದಿದೆ, ಅಲ್ವಾ? ಅದಿದ್ದರೆ ಯುದ್ಧಕ್ಕೆ ಮುಂಚಿನದು. ಎರಡನೇ ಮಹಾಯುದ್ಧದ ಹೊತ್ತಿಗೆ ರಿಪೇರಿ ಸುಲಭವಾಗಲಿ ಅಂತ ಅದನ್ನು ಕಿತ್ತರು. ಬಣ್ಣವೂ ನೀಲಿ ಹೋಗಿ ಕಪ್ಪಾಯಿತು. 1946ರಲ್ಲಿ ಹೊಸದಾಗಿ ನಂಬರ್ ಹಾಕಿದಾಗ 4468 ಹೋಗಿ ಬರೀ 22 ಆಯಿತು. 1948ರ ಜನವರಿ 1ಕ್ಕೆ ಎಲ್ಲ ದೊಡ್ಡ ರೈಲ್ವೆ ಕಂಪನಿಗಳೂ ಸರ್ಕಾರದ್ದಾದವು. ಆಗ ಆ 22ಕ್ಕೆ 60,000 ಸೇರಿಸಿದರು. ಅದೇ ಈ 60022. ಆಮೇಲೆ ಕೆಲಕಾಲ ಇನ್ನೊಂದು ನೀಲಿ, 1950ರ ದಶಕದಲ್ಲಿ ಹಸಿರು.

ಇನ್ನೂ ಸೂಕ್ಷ್ಮಕ್ಕೆ ಇಳಿದರೆ ಕಲ್ಲಿದ್ದಲು ತುಂಬುವ ಟೆಂಡರಿನ ಮೇಲಿನ ಲಾಂಛನ. ಸರ್ಕಾರದ ಮೊದಲ ಲಾಂಛನದಲ್ಲಿ ಸಿಂಹವೊಂದು ಚಕ್ರದ ಮೇಲೆ ನಿಂತಿದೆ. ಜನ ಅದಕ್ಕೆ ಸೈಕಲ್ ತುಳಿಯೋ ಸಿಂಹ ಅಂತ ಅಡ್ಡಹೆಸರಿಟ್ಟರು. 1956ರಲ್ಲಿ ಬಂದ ಎರಡನೆಯದರಲ್ಲಿ ಸಿಂಹ ಚಕ್ರವನ್ನು ಮುಂಗಾಲಲ್ಲಿ ಹಿಡಿದುಕೊಂಡಿದೆ. ಅದಕ್ಕೂ ಒಂದು ತಮಾಷೆಯ ಹೆಸರು ಇಟ್ಟಿದ್ದಾರೆ. ಇಂಜಿನ್ನಿನ ಮೂತಿಯ ಕೆಳಗೆ ಪುಟ್ಟ ಅಂಡಾಕಾರದ ಫಲಕ ಇರುತ್ತದೆ. ಅದರಲ್ಲಿ 34ಎ ಅಂತಿದ್ದರೆ ಲಂಡನ್ನಿನ ಕಿಂಗ್ಸ್ ಕ್ರಾಸ್ ಶೆಡ್ಡಿನ ಇಂಜಿನ್. ಪ್ರದರ್ಶನದಲ್ಲಿ 1950ರ ಸ್ಟೇಷನ್ ಕಟ್ಟಿ, ಅದರಲ್ಲಿ ಎರಡನೇ ಲಾಂಛನದ ಇಂಜಿನ್ ಓಡಿಸಿದಿರಾ? ಯಾರೋ ಒಬ್ಬ ಹಿರಿಯರು ಮೆಲ್ಲಗೆ ಪಕ್ಕಕ್ಕೆ ಬಂದು ಹೇಳೇ ಹೇಳುತ್ತಾರೆ.

[ದೃಶ್ಯ: ಪ್ಲಾಟ್‌ಫಾರ್ಮ್ ತುದಿಯಲ್ಲಿ ನೋಟ್‌ಬುಕ್ ಹಿಡಿದ ಹುಡುಗರ ಚಿತ್ರ.]

ಇಷ್ಟೊಂದು ನೆನಪಿಟ್ಟುಕೊಂಡವರು ಯಾರು? ನಂಬರ್ ಬರೆದುಕೊಳ್ಳುತ್ತಿದ್ದ ಹುಡುಗರು. 1942ರಲ್ಲಿ ಸದರ್ನ್ ರೈಲ್ವೆಯ ಕಚೇರಿಯಲ್ಲಿ ಇಯಾನ್ ಆಲನ್ ಅನ್ನೋ ಯುವ ಗುಮಾಸ್ತ ಇದ್ದ. ಇಂಜಿನ್ನುಗಳ ಬಗ್ಗೆ ಜನ ಬರೆದು ಕೇಳುತ್ತಲೇ ಇದ್ದರು. ಆತ ಎಲ್ಲ ನಂಬರುಗಳನ್ನೂ ಸೇರಿಸಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿಬಿಟ್ಟ. ಯುದ್ಧ ಮುಗಿದ ಮೇಲೆ ದೇಶದ ತುಂಬಾ ಹುಡುಗರ ಕೈಯಲ್ಲಿ ಇಂಥ ಪುಸ್ತಕಗಳು. ಇಂಜಿನ್ ಕಂಡರೆ ಅದರ ನಂಬರಿನ ಕೆಳಗೆ ಗೆರೆ ಎಳೆಯುವುದು. ಅಷ್ಟೇ ಆಟ.

ಆ ಹುಡುಗರ ಕಣ್ಣೆದುರೇ ಉಗಿಬಂಡಿಯ ಕಾಲ ಮುಗಿಯಿತು. 1955ರಲ್ಲಿ ಡೀಸೆಲ್, ವಿದ್ಯುತ್ ಇಂಜಿನ್ನುಗಳಿಗೆ ಹೋಗುವ ದೊಡ್ಡ ಯೋಜನೆ ಬಂತು. 1960ರಲ್ಲಿ ಸ್ವಿಂಡನ್ ಕಾರ್ಖಾನೆ ಬ್ರಿಟಿಷ್ ರೈಲ್ವೆಯ ಕೊನೆಯ ಉಗಿ ಇಂಜಿನ್ ಕಟ್ಟಿತು. ಅದರ ಹೆಸರು ಈವ್ನಿಂಗ್ ಸ್ಟಾರ್. ಐದೇ ವರ್ಷಕ್ಕೆ ಅದನ್ನೂ ಕೆಲಸದಿಂದ ತೆಗೆದರು. 1968ರ ಆಗಸ್ಟ್ 11ರಂದು ಕೊನೆಯ ವಿಶೇಷ ರೈಲು ಲಿವರ್‌ಪೂಲಿನಿಂದ ಹೊರಟು ಮ್ಯಾಂಚೆಸ್ಟರ್ ಮೇಲೆ ಕಾರ್ಲೈಲಿಗೆ ಹೋಗಿ ಬಂತು. ಟಿಕೆಟ್ ಹದಿನೈದು ಗಿನಿ. ಆ ಕಾಲಕ್ಕೆ ಅದು ದುಬಾರಿ. ಆದರೂ ಜನ ಹತ್ತಿದರು.

ಎಲ್ಲವೂ ಗುಜರಿಗೆ ಹೋಗಲಿಲ್ಲ. ವೇಲ್ಸಿನ ಬ್ಯಾರಿ ಊರಲ್ಲಿ ವುಡ್ಹಮ್ ಸಹೋದರರ ಗುಜರಿ ಇತ್ತು. ಅವರು 297 ಇಂಜಿನ್ ಕೊಂಡಿದ್ದರು. ಹಳೇ ವ್ಯಾಗನ್ ಒಡೆಯುವ ಕೆಲಸವೇ ಕೈತುಂಬಾ ಇತ್ತು, ಇಂಜಿನ್ನುಗಳು ಸುಮ್ನೆ ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತಾ ನಿಂತಿದ್ದವು. ಉತ್ಸಾಹಿಗಳು ಚಂದಾ ಎತ್ತಿ ಅವುಗಳಲ್ಲಿ 213 ಇಂಜಿನ್ ಬಿಡಿಸಿಕೊಂಡರು. ಇವತ್ತು ಬ್ರಿಟನ್ನಿನಲ್ಲಿ ಓಡುವ ಎಷ್ಟೋ ಉಗಿಬಂಡಿಗಳು ಅಲ್ಲಿಂದಲೇ ಬಂದವು.

[ದೃಶ್ಯ: ಹಳಿಯ ಮೇಲೆ ಅಳತೆಪಟ್ಟಿ.]

ಈಗ ಒಂದು ತಮಾಷೆ. ಲಾಂಛನದಲ್ಲಿ ಕೂದಲು ಸೀಳುವ ಈ ಜನ, ಹಳಿಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡಿದ್ದಾರೆ.

ಬ್ರಿಟನ್ನಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆಯ ಹೆಸರು ಡಬಲ್ ಓ. ಒಂದು ಅಡಿಗೆ 4 ಮಿಲಿಮೀಟರ್, ಅಂದರೆ ಸುಮಾರು 76ನೇ ಒಂದು ಭಾಗ. ಆ ಲೆಕ್ಕದಲ್ಲಿ ಮ್ಯಾಲರ್ಡ್ ಸುಮಾರು 28 ಸೆಂಟಿಮೀಟರ್ ಉದ್ದ. ಸರಿಯಾಗೇ ಇದೆ. ಅಸಲಿ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ಮಾಡೆಲ್ಲಿನಲ್ಲಿ ಅದು 18.83 ಇರಬೇಕು. ಇರುವುದು 16.5. ಅಂದರೆ ಅಸಲಿ ಲೆಕ್ಕದಲ್ಲಿ ಸುಮಾರು 18 ಸೆಂಟಿಮೀಟರ್ ಕಿರಿದಾದ ಹಳಿಯ ಮೇಲೆ ಇಡೀ ದೇಶ ರೈಲು ಓಡಿಸುತ್ತಿದೆ.

ಕಾರಣ ಇದೆ. ಬ್ರಿಟನ್ ಎಲ್ಲರಿಗಿಂತ ಮೊದಲು ರೈಲು ಹಾಕಿತು. ಸೇತುವೆ, ಸುರಂಗಗಳೆಲ್ಲ ಇಕ್ಕಟ್ಟು. ಹಾಗಾಗಿ ಇಂಜಿನ್ನುಗಳೂ ಯುರೋಪಿನವಕ್ಕಿಂತ ಸಣ್ಣ. ಯುರೋಪಿನ ಎಚ್‌ಓ ಅಳತೆಯಲ್ಲಿ, ಅಂದರೆ ಅಡಿಗೆ 3.5 ಮಿಲಿಮೀಟರಿನಲ್ಲಿ ಬ್ರಿಟಿಷ್ ಇಂಜಿನ್ ಮಾಡಿದರೆ ಆಗಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಳಿಯನ್ನು ಹಾಗೇ ಬಿಟ್ಟು ಇಂಜಿನ್ನಿನ ಮೈ ಮಾತ್ರ ಹಿಗ್ಗಿಸಿದರು. ಮ್ಯಾಲರ್ಡ್ ದಾಖಲೆ ಮಾಡಿದ 1938ರಲ್ಲೇ ಲಿವರ್‌ಪೂಲಿನ ಮೆಕಾನೋ ಕಂಪನಿ ಹಾರ್ನ್‌ಬಿ ಡಬ್ಲೋ ಅನ್ನೋ ಹೆಸರಲ್ಲಿ ಡಬಲ್ ಓ ರೈಲುಗಳನ್ನು ತಂದಿತು. ಅದು ಮನೆಮನೆಗೆ ಹೋಯಿತು. ಇನ್ನು ಬದಲಾಯಿಸೋದು ಯಾರು? ತಾಳ್ಮೆ ಇದ್ದವರು 18.83ರ ಹಳಿಯನ್ನು ಕೈಯಲ್ಲೇ ಕಟ್ಟುತ್ತಾರೆ. ಅವರಿಗೆ ದೂರದಿಂದಲೇ ನನ್ನ ನಮಸ್ಕಾರ.

ಜಾಗದ್ದು ಇನ್ನೊಂದು ಗೋಳು. ಡಬಲ್ ಓ ಲೆಕ್ಕದಲ್ಲಿ ಒಂದು ಮೈಲಿ ಅಂದರೆ 21 ಮೀಟರ್. ಮ್ಯಾಲರ್ಡಿನ ದಾಖಲೆ ವೇಗವನ್ನು ಅದೇ ಪ್ರಮಾಣದಲ್ಲಿ ಇಳಿಸಿದರೆ ಸೆಕೆಂಡಿಗೆ 74 ಸೆಂಟಿಮೀಟರ್. ನಿಮ್ಮ ಊಟದ ಮೇಜನ್ನು ಎರಡು ಮೂರು ಸೆಕೆಂಡಿನಲ್ಲಿ ದಾಟಿ ನೆಲಕ್ಕೆ ಬೀಳುತ್ತದೆ. ಹಾಗಾಗಿ ಎಷ್ಟೋ ಜನ ಆರಿಸಿಕೊಳ್ಳುವುದು ಹಳ್ಳಿ ಕಡೆಯ ಕೊನೇ ಸ್ಟೇಷನ್ನು. ಪುಟ್ಟ ಇಂಜಿನ್, ಒಂದೆರಡು ಬೋಗಿ, ಹಾಲಿನ ಕ್ಯಾನು. ಪೀಟರ್ ಡೆನಿ ಅನ್ನೋ ಪಾದ್ರಿ ಬಕಿಂಗ್‌ಹ್ಯಾಮ್ ಹೆಸರಲ್ಲಿ ಇಂಥದ್ದೊಂದನ್ನು ದಶಕಗಟ್ಟಲೆ ಕಟ್ಟಿದರು. ಇನ್ನೊಂದು ಸ್ಟೇಷನ್ ನೋಡಿಕೊಳ್ಳಲು ಮಗ ಇಲ್ಲದಾಗ, ಆ ಕೆಲಸಕ್ಕೆ ತಾವೇ ಒಂದು ಯಂತ್ರ ಮಾಡಿ ಅದಕ್ಕೆ ಮಗನ ಹೆಸರಿಟ್ಟರು.

ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಮ್ಯೂಸಿಯಂ ಇನ್ನೊಂದು ಮಟ್ಟದ್ದು. ರಾಯ್ ಇಂಗ್ಲೆಂಡ್ ಅನ್ನೋರು 1925ರಲ್ಲಿ ಆಸ್ಟ್ರೇಲಿಯಾದಿಂದ ಬಂದವರು. ಹುಲ್ಲು ಹೊದಿಸಿದ ಹಳೇ ಮನೆಗಳು ಕಣ್ಣೆದುರೇ ಮರೆಯಾಗುವುದನ್ನು ನೋಡಿ, ಆ ಸೀಮೆಯ ಹಳ್ಳಿ, ಹೊಲ, ರೈಲನ್ನೆಲ್ಲ ಅಳತೆಗೆ ಸರಿಯಾಗಿ ಕಟ್ಟಲು ಶುರುಮಾಡಿದರು. ಅಲ್ಲಿ ನೋಡುವುದು 1930ರ ದಶಕದ ಇಂಗ್ಲೆಂಡು.

[ದೃಶ್ಯ: ಕೈಗಳು. ಸಣ್ಣ ಬ್ರಷ್, ಹತ್ತಿ ಸುತ್ತಿದ ಕಡ್ಡಿ.]

ಈಗ ಕೈಕೆಲಸ. ಹಳಿಯ ನಡುವೆ ಸಣ್ಣ ಜಲ್ಲಿ ಅಂಟಿಸುವುದು ಎಲ್ಲರಿಗೂ ಬೇಸರದ ಕೆಲಸ. ಒಣ ಜಲ್ಲಿ ಹರಡಿ, ಬ್ರಷ್ಷಿನಲ್ಲಿ ಸರಿಮಾಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿದ ನೀರು ಸಿಂಪಡಿಸಿ. ಆಮೇಲೆ ನೀರು ಬೆರೆಸಿದ ಬಿಳಿ ಗೋಂದನ್ನು ಡ್ರಾಪರಿನಲ್ಲಿ ಬಿಡಿ. ಲಿಕ್ವಿಡ್ ಮರೆತರೆ ಗೋಂದು ಇಳಿಯುವುದಿಲ್ಲ, ಮುತ್ತಿನ ಹಾಗೆ ಮೇಲೆ ಉರುಳುತ್ತದೆ.

ನನಗೆ ಇಷ್ಟದ ಕೆಲಸ ಮಸಿ ಬಳಿಯುವುದು. ಸಾವಿರಾರು ರೂಪಾಯಿ ಕೊಟ್ಟ ಹೊಸ ಇಂಜಿನ್ನಿಗೆ ಕೊಳೆ ಹಚ್ಚುತ್ತೀರಾ ಅಂತ ಮನೆಯವರು ಕೇಳುತ್ತಾರೆ. ಆದರೆ 1967ರ ಇಂಜಿನ್ ಫಳಫಳ ಹೊಳೆದರೆ ಅದು ಸುಳ್ಳು. ಆಗ ಉಗಿ ಇಂಜಿನ್ ಒರೆಸಲು ಜನರೇ ಸಿಗುತ್ತಿರಲಿಲ್ಲ. ಎಷ್ಟೋ ಇಂಜಿನ್ನುಗಳ ಹೆಸರಿನ ಫಲಕವನ್ನೂ ಬಿಚ್ಚಿಬಿಟ್ಟಿದ್ದರು. ಮೈಯೆಲ್ಲ ಮಸಿ, ನಂಬರ್ ಇರುವ ಕಡೆ ಮಾತ್ರ ಯಾರೋ ಬಟ್ಟೆಯಲ್ಲಿ ಉಜ್ಜಿದ ಗುರುತು. ಅದನ್ನೂ ಮಾಡಬೇಕು. ಇಡೀ ಇಂಜಿನ್ನಿಗೆ ತೆಳುವಾಗಿ ಕಂದುಗಪ್ಪು ಬಣ್ಣ ಕೊಟ್ಟು, ಒಣಗುವ ಮೊದಲೇ ಹತ್ತಿ ಕಡ್ಡಿಯಿಂದ ನಂಬರಿನ ಮೇಲಷ್ಟೇ ಒರೆಸಿ. ನೋಡಿ, ವರ್ಷ ತಾನಾಗೇ ಬಂತು.

ಶಬ್ದವೂ ಸಿಗುತ್ತದೆ. ಎರಡು ಸಿಲಿಂಡರಿನ ಇಂಜಿನ್ ಚಕ್ರ ಒಂದು ಸುತ್ತು ಸುತ್ತಿದರೆ ನಾಲ್ಕು ಸಲ ಛುಕ್ ಅನ್ನುತ್ತದೆ. ಮ್ಯಾಲರ್ಡಿನಂಥ ಮೂರು ಸಿಲಿಂಡರಿನದು ಆರು ಸಲ. ಹೊಗೆ ಮಾತ್ರ ನನಗೆ ಬೇಡ. ಮಾಡೆಲ್ಲಿನ ಹೊಗೆ ನೋಡಿದರೆ ಊದುಬತ್ತಿ ಹಚ್ಚಿದ ಹಾಗಿರುತ್ತದೆ. ಆದರೂ 2003ರಲ್ಲಿ ಹಾರ್ನ್‌ಬಿ ಒಂದು ಸಾಹಸ ಮಾಡಿತು. ನಿಜವಾದ ಉಗಿಯಿಂದ ಓಡುವ ಡಬಲ್ ಓ ಮ್ಯಾಲರ್ಡ್! ಹಳಿಯಲ್ಲಿ ಬರುವ ಕರೆಂಟಿನಿಂದ ಟೆಂಡರಿನ ಒಳಗೆ ನೀರು ಕಾಯುತ್ತದೆ.

ಕೊನೆಗೆ, ನಮ್ಮ ಕಡೆಯದನ್ನು ಕಟ್ಟಬಹುದಾ ಅಂತ ಕೇಳುವವರಿಗೆ. ಭಾರತದ ಬ್ರಾಡ್ ಗೇಜ್ 1,676 ಮಿಲಿಮೀಟರ್. ಅದಕ್ಕೆ ಸರಿಹೊಂದುವ ಹಳಿ ಅಂಗಡಿಯಲ್ಲಿ ಸಿಗುವುದು ಕಷ್ಟ. ಆದರೆ ಬೆಂಗಳೂರು–ಮೈಸೂರು ಮೀಟರ್ ಗೇಜ್ ಆಗಿದ್ದ ಕಾಲ ಇತ್ತಲ್ಲ? ಎಚ್‌ಓ ಅಳತೆಯಲ್ಲಿ ಅದು 11.5 ಮಿಲಿಮೀಟರ್. ಯುರೋಪಿನ ಮೀಟರ್ ಗೇಜ್ ಮಾಡೆಲ್ಲುಗಳಿಗಾಗಿ ಮಾಡುವ 12 ಮಿಲಿಮೀಟರಿನ ಹಳಿ ಹೆಚ್ಚುಕಮ್ಮಿ ಸರಿಹೋಗುತ್ತದೆ. ಇಂಜಿನ್ ನೀವೇ ಕಟ್ಟಬೇಕು. ಅದಕ್ಕೆ ಮೊದಲು ವರ್ಷ ಆರಿಸಿ, ಆ ವರ್ಷದ ಫೋಟೋ ಹುಡುಕಿ. ಮನೆಯ ಹಳೇ ಆಲ್ಬಮ್ಮಿನಲ್ಲಿ ಮದ್ದೂರು, ಮಂಡ್ಯ, ಚನ್ನಪಟ್ಟಣ ಸ್ಟೇಷನ್ನಿನ ಚಿತ್ರ ಇದ್ದರೆ, ಹಿಂದೆ ನಿಂತ ಇಂಜಿನ್ನಿನ ನಂಬರ್ ಓದಲು ಬರುತ್ತಾ ನೋಡಿ, ನಮಗೂ ಕಳಿಸಿ.